ಹದಿನಾಲ್ಕು ಮಕ್ಕಳನ್ನು ಕಳುಹಿಸುವುದೋ, ಆ ಹಣವನ್ನೇ ಕಳುಹಿಸುವುದೋ?

ಮೈಸೂರು ಖಜಾಂಚಿ
ಮಾರ್ಚ್ 4, ರಾತ್ರಿ 9:40

ನಮ್ಮ ಸಭೆಯ (ಚರ್ಚಿನ) ಯುವಜನ ಸಂಘದ ಹದಿನಾಲ್ಕು ಮಕ್ಕಳು ಮೇ ತಿಂಗಳ ರಜೆಯಲ್ಲಿ ಹತ್ತು ದಿನ ಛತ್ತೀಸ್‌ಗಢದ ಒಂದು ಕುಷ್ಠರೋಗ ಆಸ್ಪತ್ರೆಗೆ ಸೇವಾ ಪ್ರವಾಸ ಹೋಗಬೇಕೆಂದು ಅರ್ಜಿ ಕೊಟ್ಟಿದ್ದಾರೆ. ಜೊತೆಗೆ ಇಬ್ಬರು ಹಿರಿಯರು. ಯಶವಂತಪುರದಿಂದ ವೈನ್‌ಗಂಗಾ ಎಕ್ಸ್‌ಪ್ರೆಸ್, ಅಲ್ಲಿ ಆಸ್ಪತ್ರೆಯ ಅತಿಥಿಗೃಹ, ಊಟ ತಿಂಡಿ ಎಲ್ಲ ಸೇರಿ ತಲೆಗೆ ₹6,000, ಒಟ್ಟು ₹96,000. ಅರ್ಧ ಮನೆಯವರು ಕೊಡುತ್ತಾರೆ, ಉಳಿದರ್ಧ ಸಭೆ ಕೊಡಲಿ ಎಂದು ಕೇಳಿದ್ದಾರೆ.

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಸಮಿತಿ ಕುಳಿತಿತ್ತು. ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಈ ಮಕ್ಕಳಿಗೆ ಗಾಯಕ್ಕೆ ಪಟ್ಟಿ ಕಟ್ಟಲು ಬರುತ್ತದೆಯೇ? ಇಂಜೆಕ್ಷನ್ ಕೊಡಲು ಬರುತ್ತದೆಯೇ? ಹೋಗಲಿ, ಹಿಂದಿಯಾದರೂ ಬರುತ್ತದೆಯೇ? ಏನೂ ಬಾರದು ಎಂದ ಮೇಲೆ ₹96,000ಕ್ಕೆ ಒಂದು ಚೆಕ್ ಬರೆದು ಆಸ್ಪತ್ರೆಗೇ ಕಳುಹಿಸಿ. ಇವರು ಇಲ್ಲೇ ಕುಳಿತು ಪ್ರಾರ್ಥನೆ ಮಾಡಲಿ." ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಊಟಕ್ಕೆ ಕುಳಿತಾಗ ಆ ಮಾತಿಗೆ ನನ್ನ ಬಳಿ ಉತ್ತರವಿಲ್ಲ ಎನ್ನುವುದು ಗೊತ್ತಾಯಿತು.

ಸಮಿತಿ ಮತ್ತೆ ಕೂರುವುದು ಹದಿನೈದು ದಿನಕ್ಕೆ. ಇಂಥ ಪ್ರವಾಸಕ್ಕೆ ಹೋಗಿಬಂದವರು ಇಲ್ಲಿದ್ದರೆ ಹೇಳಿ: ಐದು ವರ್ಷದ ಮೇಲೆ ನಿಮ್ಮಲ್ಲಿ ಉಳಿದದ್ದು ಏನು? ವೇದಿಕೆಯ ಮೇಲೆ ನಿಂತು ಹೇಳುವಂಥ ಸಾಕ್ಷಿ, ದೇವರು ನನ್ನನ್ನು ಬದಲಿಸಿದ ಎನ್ನುವ ಕಥೆ, ಬೇಡ. ಅದನ್ನು ಇಪ್ಪತ್ತು ವರ್ಷ ಕೇಳಿದ್ದೇನೆ.


ಕಾಫಿಪುಡಿ
ಮಾರ್ಚ್ 4, ರಾತ್ರಿ 10:55

ನಿಮ್ಮ ಮ್ಯಾನೇಜರ್ ಹೇಳಿದ್ದೇ ಸರಿ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನೂ ಹೋಗಿದ್ದೆ. ಗುಡ್ಡಗಾಡಿನ ಒಂದು ಮಕ್ಕಳ ವಸತಿಗೃಹ, ಒಂದು ವಾರ. ನಾವು ಇಪ್ಪತ್ತೆರಡು ಜನ. ಅಲ್ಲಿನ ಅಡುಗೆಯವರು ದಿನಾ ನಲವತ್ತು ಮಕ್ಕಳಿಗೆ ಅಡುಗೆ ಮಾಡಿ ಸಂಜೆ ಆರಕ್ಕೆ ಮನೆಗೆ ಹೋಗುತ್ತಿದ್ದವರು. ನಾವು ಹೋದ ಮೇಲೆ ಅರವತ್ತೆರಡು ಜನ. ಅಲ್ಲಿನ ರೊಟ್ಟಿ ನಮಗೆ ಸೇರುವುದಿಲ್ಲ ಎಂದು ನಮ್ಮ ನಾಯಕರು ಬೇರೆ ಅನ್ನ ಸಾರು ಮಾಡಿಸಿದರು. ಆಕೆ ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಇಳಿಜಾರಿನಲ್ಲಿ ಮನೆಗೆ ಹೋಗುತ್ತಿದ್ದರು. ಆ ವಾರವೆಲ್ಲ ನಿಜವಾಗಿ ಸೇವೆ ಮಾಡಿದವರು ಅವರೊಬ್ಬರೇ. ನಾವು ಮಕ್ಕಳಿಗೆ ಅಭಿನಯ ಗೀತೆ ಕಲಿಸಿದೆವು. ಅವರಿಗೆ ಅದು ಮೊದಲೇ ಬರುತ್ತಿತ್ತು. ನಮಗಿಂತ ಮುಂಚೆ ಬಂದ ತಂಡ ಕಲಿಸಿತ್ತು!

ಉಳಿದದ್ದೇನು ಎಂದು ಕೇಳಿದಿರಿ. ಆ ಟಾರ್ಚಿನ ಬೆಳಕು ಉಳಿದಿದೆ.


ಹಂಚಿನಮನೆ
ಮಾರ್ಚ್ 5, ಬೆಳಿಗ್ಗೆ 6:20

ಮಂಗಳೂರಿನಿಂದ. ನಿವೃತ್ತ ಮೇಷ್ಟ್ರು, ಹಳೆಯ ಕಾಗದಪತ್ರ ಓದುವುದು ಚಟ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಖಜಾಂಚಿಯವರೇ, ನೀವು ಹೇಳುತ್ತಿರುವ ಆಸ್ಪತ್ರೆಗಳ ಚರಿತ್ರೆಯೇ ಒಂದು ಭೇಟಿಯಿಂದ ಹುಟ್ಟಿದ್ದು. ಐರ್ಲೆಂಡಿನ ವೆಲ್ಸ್‌ಲಿ ಬೇಯ್ಲಿ ಎಂಬ ಯುವಕ ಆಗಿನ ಪಂಜಾಬಿನ ಅಂಬಾಲೆಯ ಮಿಷನ್ ಶಾಲೆಯಲ್ಲಿ ಪಾಠ ಹೇಳಲು ಬಂದಿದ್ದ. 1869ರಲ್ಲಿ ಅಲ್ಲಿನ ಹಿರಿಯ ಮಿಷನರಿ ಅವನನ್ನು ಊರಿನ ಕುಷ್ಠರೋಗಿಗಳ ಆಶ್ರಯಕ್ಕೆ ಕರೆದುಕೊಂಡು ಹೋದರು. ಒಂದು ಸಾಲು ಗುಡಿಸಲು, ಅಷ್ಟೇ. 1874ರಲ್ಲಿ ಡಬ್ಲಿನ್‌ಗೆ ಮರಳಿದಾಗ ಗೆಳೆಯರ ಎದುರು ಅದನ್ನೇ ಹೇಳಿಕೊಂಡ, ಅವರು ಹಣ ಕೂಡಿಸಿದರು. ಇಂಥ ಆಸ್ಪತ್ರೆಗಳನ್ನು ನಡೆಸುವ ಇವತ್ತಿನ ಲೆಪ್ರಸಿ ಮಿಷನ್ ಅಲ್ಲಿಂದ ಶುರುವಾಯಿತು.

ಪಾಲ್ ಬ್ರಾಂಡ್ ಕಥೆ ಇನ್ನೂ ಚಿಕ್ಕದು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಶಸ್ತ್ರವೈದ್ಯ ಕಲಿತು, 1946ರಲ್ಲಿ ವೆಲ್ಲೂರಿಗೆ ಬಂದವರು. ಮೂಳೆ ಕೀಲುಗಳ ವೈದ್ಯ, ಕುಷ್ಠಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಚೆಂಗಲ್‌ಪಟ್ಟಿನ ಕುಷ್ಠರೋಗ ಆಸ್ಪತ್ರೆ ನೋಡಲು ಅಲ್ಲಿನ ಡಾಕ್ಟರ್ ಕಾಕ್ರೇನ್ ಕರೆದರು ಎಂದು ಹೋದರು. ಅಲ್ಲೊಬ್ಬ ರೋಗಿಯ ಮಡಚಿಹೋದ ಬೆರಳುಗಳ ನಡುವೆ ತಮ್ಮ ಕೈಯಿಟ್ಟು ಹಿಸುಕಲು ಹೇಳಿದರು. ಶಕ್ತಿಯಿರಲಾರದು ಎಂದುಕೊಂಡಿದ್ದರು. ನೋವಿನಿಂದ ಕೂಗುವಷ್ಟು ಬಲವಾಗಿ ಹಿಸುಕಿದನಂತೆ. ಹಾಗಾದರೆ ಸ್ನಾಯು ಬದುಕಿದೆ, ಅದನ್ನು ಬೇರೆ ಬೆರಳಿಗೆ ಜೋಡಿಸಬಹುದು ಎನ್ನುವುದು ಹೊಳೆಯಿತು. ಆ ಕಾಲದಲ್ಲಿ ಕುಷ್ಠರೋಗಿಯ ಕೈಗೆ ಶಸ್ತ್ರಚಿಕಿತ್ಸೆ ಮಾಡುವವರೇ ಇರಲಿಲ್ಲ. ಒಂದು ಕೈಕುಲುಕು ಎನ್ನಿ.

ನಮ್ಮೂರ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧ ಕೊಡಲು ಶುರುಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆಂದೇ ಮನೆ ಕಟ್ಟಿದರು. ಅವರು ಬಂದದ್ದು ಪಾಠ ಹೇಳಲು.

ಇವರಲ್ಲಿ ಯಾರನ್ನಾದರೂ "ನಿನಗೆ ಪಟ್ಟಿ ಕಟ್ಟಲು ಬರುತ್ತದೆಯೇ" ಎಂದು ಮೊದಲ ದಿನವೇ ಕೇಳಿದ್ದರೆ?


ಕಾಫಿಪುಡಿ
ಮಾರ್ಚ್ 5, ಬೆಳಿಗ್ಗೆ 8:02

ಮೇಷ್ಟ್ರೇ, ಬ್ರಾಂಡ್ ಅವರಿಗೆ ಕತ್ತಿ ಹಿಡಿಯಲು ಬರುತ್ತಿತ್ತು. ಮತ್ತೆ ಅವರು ಹತ್ತು ದಿನಕ್ಕೆ ಬಂದು ಹೋದವರಲ್ಲ. ಲಕ್ಷ ಜನ ಭೇಟಿ ಕೊಟ್ಟರು, ಒಬ್ಬ ಬೇಯ್ಲಿ ಸಿಕ್ಕಿದ. ಉಳಿದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಜನರ ರೈಲು ಖರ್ಚು ಯಾರ ಲೆಕ್ಕಕ್ಕೆ ಬರೆಯುತ್ತೀರಿ?


ಹಂಚಿನಮನೆ
ಮಾರ್ಚ್ 5, ಬೆಳಿಗ್ಗೆ 8:30

ಅದಕ್ಕೆ ಖಜಾಂಚಿಯವರೇ ಇದ್ದಾರಲ್ಲ.


ಅರಳಿಕಟ್ಟೆ
ಮಾರ್ಚ್ 5, ಮಧ್ಯಾಹ್ನ 1:15

ನಾನು ಕ್ರೈಸ್ತನಲ್ಲ, ಬೆಳಗಾವಿ ಕಡೆಯವನು. ಕುಷ್ಠದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಸೋದರಮಾವ ಕಾಲೇಜಿನಲ್ಲಿದ್ದಾಗ ಮಹಾರಾಷ್ಟ್ರದ ಸೋಮನಾಥದಲ್ಲಿ, ಕುಷ್ಠರೋಗಿಗಳ ಸೇವೆಗೆ ಹೆಸರಾದ ಬಾಬಾ ಆಮ್ಟೆಯವರು ನಡೆಸುತ್ತಿದ್ದ ಶ್ರಮ ಶಿಬಿರಕ್ಕೆ ಹೋಗಿದ್ದರು. ಬೇಸಿಗೆಯ ಬಿಸಿಲಿನಲ್ಲಿ ಕಾಲುವೆ ತೋಡುವುದು, ಸಂಜೆ ಭಾಷಣ ಕೇಳುವುದು. ಕಾಲುವೆ ತೋಡಲು ಕೂಲಿಯವರು ಸಿಗುತ್ತಿರಲಿಲ್ಲವೇ? ಸಿಗುತ್ತಿದ್ದರು. ಮಾವ ತೋಡಿದ ಕಾಲುವೆಯನ್ನು ಮಾರನೆಯ ದಿನ ಅಲ್ಲಿನವರೇ ಸರಿಮಾಡಬೇಕಾಯಿತಂತೆ. ಆದರೆ ಊರಿಗೆ ಬಂದ ಮೇಲೆ ಮಾವ ಊಟದ ತಟ್ಟೆಯನ್ನು ತಾವೇ ತೊಳೆಯಲು ಶುರುಮಾಡಿದರು. 1970ರ ದಶಕದ ನಮ್ಮ ಮನೆಯಲ್ಲಿ ಅದು ಕಾಲುವೆಗಿಂತ ದೊಡ್ಡ ಸುದ್ದಿ. ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದರು.

ನನ್ನ ಅನುಮಾನ ಬೇರೆ. ಮಕ್ಕಳು ಅಲ್ಲಿ ಏನು ಮಾಡುತ್ತಾರೆ? ಆರೈಕೆಯೋ, ಧರ್ಮ ಪ್ರಚಾರವೋ? ಹಾಸಿಗೆಯಿಂದ ಏಳಲಾರದವನ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತರೆ ಅದನ್ನು ಸೇವೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಟುವಾಗಿ ಕೇಳಿದ್ದರೆ ಕ್ಷಮಿಸಿ.


ಬೆಟಗೇರಿ ಅಕ್ಕ
ಮಾರ್ಚ್ 5, ಸಂಜೆ 7:10

ಅರಳಿಕಟ್ಟೆಯವರೇ, ಕಟುವೇನಲ್ಲ, ಕೇಳಬೇಕಾದದ್ದೇ. ನಾನು ಮೂವತ್ತೊಂದು ವರ್ಷ ಮಿಷನ್ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ನಮಗೆ ಕಲಿಸಿದ ಸಿಸ್ಟರ್ ಒಬ್ಬರ ನಿಯಮ ಹೀಗಿತ್ತು: ಪ್ರಾರ್ಥನೆ ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ, ಬಂದವರಿಗೆ ಮಾತ್ರ. ವಾರ್ಡಿನಲ್ಲಿ ರೋಗಿ ತಾನಾಗಿ ಕೇಳಿದರೆ ಮಾತ್ರ. ಎದ್ದು ಹೋಗಲಾರದವನಿಗೆ ಉಪದೇಶ ಮಾಡುವುದು ಕಟ್ಟಿಹಾಕಿ ಉಣಿಸಿದಂತೆ.

ಎಲ್ಲ ಕಡೆ ಹೀಗೇ ನಡೆಯಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ.


ಸುವಾರ್ತಿಕ
ಮಾರ್ಚ್ 5, ರಾತ್ರಿ 9:00

ಅಕ್ಕನವರಿಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಸುವಾರ್ತೆ ಹೇಳದ ಮೇಲೆ ಅದನ್ನು ಮಿಷನ್ ಎಂದು ಏಕೆ ಕರೆಯಬೇಕು? ಪಟ್ಟಿ ಕಟ್ಟುವುದನ್ನು ಸರ್ಕಾರಿ ಆಸ್ಪತ್ರೆಯವರೂ ಮಾಡುತ್ತಾರೆ. ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಯಾರ ಹೆಸರಿನಲ್ಲಿ ಬಂದೆವು ಎನ್ನುವುದನ್ನೇ ಬಾಯಿಬಿಟ್ಟು ಹೇಳದೆ ಮರಳಿದರೆ, ಅದಕ್ಕೆ ರೋಟರಿಯವರ ಜೊತೆ ಹೋಗಬಹುದಿತ್ತು.


ಬೆಟಗೇರಿ ಅಕ್ಕ
ಮಾರ್ಚ್ 5, ರಾತ್ರಿ 9:25

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯ ತೆಗೆದು ನೋಡಿ ತಮ್ಮಾ. ಕುಷ್ಠರೋಗಿ ಬಂದು ಮೊಣಕಾಲೂರಿದಾಗ ಯೇಸು ಮೊದಲು ಕೈಚಾಚಿ ಮುಟ್ಟಿದನು, ಮಾತು ಆಮೇಲೆ ಬಂದಿತು. ಆ ಕಾಲದಲ್ಲಿ ಮುಟ್ಟುವುದೇ ಮಾತಾಗಿತ್ತು.


ಸುವಾರ್ತಿಕ
ಮಾರ್ಚ್ 5, ರಾತ್ರಿ 9:31

ಆಮೇಲಾದರೂ ಬಂದಿತಲ್ಲ ಅಕ್ಕಾ.


ವಾರ್ಡ್ ನಂಬರ್ 3
ಮಾರ್ಚ್ 6, ರಾತ್ರಿ 11:30

ಇಲ್ಲಿಯವರೆಗೆ ಹೋಗುವವರ ಮಾತೇ ಆಯಿತು. ನಾನು ಬರಮಾಡಿಕೊಳ್ಳುವವನು. ಊರು ತರೀಕೆರೆ ಹತ್ತಿರ. ಆರು ವರ್ಷದಿಂದ ಛತ್ತೀಸ್‌ಗಢದ ಕುಷ್ಠರೋಗ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. (ನಿಮ್ಮ ಮಕ್ಕಳು ಬರುವ ಆಸ್ಪತ್ರೆಯೇ ಆಗಿರಬಹುದು, ಕೇಳಬೇಡಿ.)

ಮೊದಲು ಲೆಕ್ಕ. ಹತ್ತು ದಿನದ ತಂಡ ಬಂದರೆ ಮೊದಲ ಮೂರು ದಿನ ನಮಗೆ ನಷ್ಟ. ಬಚ್ಚಲು ತೋರಿಸಬೇಕು, ಯಾರಿಗೋ ಹೊಟ್ಟೆ ಕೆಡುತ್ತದೆ, ಯಾರಿಗೋ ರಾತ್ರಿ ಅಳು ಬರುತ್ತದೆ, ಮೇ ತಿಂಗಳ ಬಿಸಿಲು ಬೇರೆ. ಕೊನೆಯ ದಿನ ವಿದಾಯ ಕಾರ್ಯಕ್ರಮಕ್ಕೆ ಹೋಯಿತು. ಉಳಿಯುವುದು ಆರು ದಿನ. ಆ ಆರು ದಿನಕ್ಕೆ ₹96,000 ಬೆಲೆಯಿದೆಯೇ ಎಂದರೆ, ಹಣದ ಲೆಕ್ಕದಲ್ಲಿ ಇಲ್ಲ.

ಈಗ ಕೆಲಸ. ಈ ರೋಗದ ಬಗ್ಗೆ ಜನಕ್ಕೆ ಗೊತ್ತಿರುವುದು ಬೆರಳು ಉದುರುವ ಕಥೆ. ಬೆರಳು ತಾನಾಗಿ ಉದುರುವುದಿಲ್ಲ. ಕ್ರಿಮಿ ನರವನ್ನು ತಿನ್ನುತ್ತದೆ, ಸ್ಪರ್ಶ ಹೋಗುತ್ತದೆ, ನೋವು ಹೋಗುತ್ತದೆ. ನೋವಿಲ್ಲದವನು ಕಾದ ಪಾತ್ರೆ ಹಿಡಿಯುತ್ತಾನೆ, ಚಪ್ಪಲಿಯೊಳಗೆ ಮೊಳೆ ಹೊಕ್ಕರೂ ಸಂಜೆಯವರೆಗೆ ನಡೆಯುತ್ತಾನೆ. ಬ್ರಾಂಡ್ ಕಾಲದಲ್ಲಿ ರಾತ್ರಿ ಮಲಗಿದ್ದಾಗ ಇಲಿ ಬೆರಳು ಕಡಿದರೂ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲ. ಪತ್ತೆಯಾದ ಮೇಲೆ ಮನೆಗೆ ಹೋಗುವ ರೋಗಿಗೆ ಬೆಕ್ಕು ಕೊಟ್ಟು ಕಳುಹಿಸುತ್ತಿದ್ದರು. ಹುಣ್ಣಾಗಿ, ಕೀವಾಗಿ, ಮೂಳೆ ಕರಗಿ ಬೆರಳು ಮೋಟಾಗುತ್ತದೆ.

ಕ್ರಿಮಿಯನ್ನು ಕೊಲ್ಲಲು ಮಾತ್ರೆ ಇದೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಬಹು ಔಷಧ ಚಿಕಿತ್ಸೆ, ಆರು ತಿಂಗಳು ಅಥವಾ ಒಂದು ವರ್ಷ, ಪೂರ್ತಿ ಉಚಿತ. ಆದರೆ ಸತ್ತ ನರ ಮಾತ್ರೆಯಿಂದ ಮರಳುವುದಿಲ್ಲ. ಅವನು ಬದುಕಿರುವಷ್ಟು ದಿನವೂ ಪಾದವನ್ನು ನೋಡಿಕೊಳ್ಳಬೇಕು. ದಿನಾ ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಹಾಕುವುದು, ಗಟ್ಟಿಯಾದ ಚರ್ಮವನ್ನು ಒರಟು ಕಲ್ಲಿನಿಂದ ಉಜ್ಜುವುದು, ಒದ್ದೆಯಿರುವಾಗಲೇ ಎಣ್ಣೆ ಹಚ್ಚುವುದು, ಹೊಸ ಗಾಯ ಇದೆಯೇ ಎಂದು ಬೆರಳ ಸಂದಿ ನೋಡುವುದು, ಮೆತ್ತನೆ ರಬ್ಬರಿನ ಚಪ್ಪಲಿ ಬಿಟ್ಟು ಬೇರೆ ಮೆಟ್ಟದಿರುವುದು. ಇಷ್ಟೇ ವೈದ್ಯ. ಇದಕ್ಕೆ ಎಂ.ಬಿ.ಬಿ.ಎಸ್. ಬೇಡ, ಹಿಂದಿಯೂ ಬೇಡ. ಅರ್ಧ ಗಂಟೆ ಪಕ್ಕದಲ್ಲಿ ಕುಳಿತುಕೊಳ್ಳುವ ಮನುಷ್ಯ ಬೇಕು, ಏಕೆಂದರೆ ಒಬ್ಬನೇ ಇದ್ದರೆ ಐದು ನಿಮಿಷಕ್ಕೆ ಕಾಲು ತೆಗೆಯುತ್ತಾನೆ. ನಮ್ಮಲ್ಲಿ ಆ ಮನುಷ್ಯರೇ ಕಡಿಮೆ. ಮನೆಯವರು ಬರುವುದಿಲ್ಲ.

ಎರಡು ವರ್ಷದ ಹಿಂದೆ ಮೈಸೂರು ಕಡೆಯ ಒಂದು ತಂಡ ಬಂದಿತ್ತು. ಒಬ್ಬ ಹುಡುಗ ಯಾರೊಡನೆಯೂ ಸೇರದೆ ಮೊಬೈಲ್ ಹಿಡಿದೇ ಇರುತ್ತಿದ್ದ. ನಾಲ್ಕನೆಯ ದಿನ ಬಕೆಟ್ಟುಗಳ ಪಕ್ಕ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದ. ಹುಣಿಸೆ ಬೀಜ ಒಡೆದು ಕವಡೆ ಮಾಡಿದ. ಅದೇ ಆಟ ಬೇರೆ ಹೆಸರಿನಲ್ಲಿ ನಮ್ಮ ರೋಗಿಗಳಿಗೆ ಗೊತ್ತಿತ್ತು. ಬೆರಳು ಮಡಚಿದವರು ಎರಡು ಅಂಗೈ ನಡುವೆ ಬೀಜ ಹಿಡಿದು ಎಸೆಯುತ್ತಾರೆ. ಆಟ ಮುಗಿಯುವವರೆಗೆ ಯಾರೂ ಕಾಲು ತೆಗೆಯಲಿಲ್ಲ, ಒಂದು ಗಂಟೆ! ಅಲ್ಲಿಯವರೆಗಿನ ನಾಲ್ಕು ವರ್ಷದಲ್ಲಿ ನನ್ನ ತಲೆಗೆ ಅದು ಹೊಳೆದಿರಲಿಲ್ಲ. ಈಗಲೂ ವರಾಂಡದಲ್ಲಿ ಆ ಮನೆ ಇದೆ, ಬಣ್ಣದಲ್ಲಿ ಬರೆಸಿದ್ದೇನೆ.


ಕಾಫಿಪುಡಿ
ಮಾರ್ಚ್ 7, ಬೆಳಿಗ್ಗೆ 7:45

ಇದು ಬೇರೆ ಮಾತು. ನಮ್ಮ ತಂಡದವರಿಗೆ ಹೀಗೆ "ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ" ಎಂದು ಹೇಳುವವರು ಇರಲಿಲ್ಲ. ಒಂದು ಪ್ರಶ್ನೆ: ಫೋಟೋ?


ವಾರ್ಡ್ ನಂಬರ್ 3
ಮಾರ್ಚ್ 7, ಬೆಳಿಗ್ಗೆ 8:20

ಮೊಬೈಲ್ ಕಂಡರೆ ನಮ್ಮ ಹೆಂಗಸರು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಇನ್ನೇನು ಹೇಳಲಿ. ಕೆಲವರ ಮಗಳ ಮದುವೆ ಆಗಿರುತ್ತದೆ, ಬೀಗರಿಗೆ ಗೊತ್ತಿರುವುದಿಲ್ಲ. 2019ರವರೆಗೆ ಈ ರೋಗ ಬಂದದ್ದೇ ವಿಚ್ಛೇದನಕ್ಕೆ ಕಾರಣವಾಗುತ್ತಿತ್ತು, ಕಾನೂನಿನಲ್ಲೇ ಬರೆದಿತ್ತು. ಆ ಸಾಲು ಈಗ ತೆಗೆದಿದ್ದಾರೆ. ಊರಿನವರ ಮನಸ್ಸಿನಿಂದ ತೆಗೆಯುವ ಮಸೂದೆ ಇನ್ನೂ ಬಂದಿಲ್ಲ.


ಹದಿನೆಂಟೂವರೆ
ಮಾರ್ಚ್ 7, ಸಂಜೆ 5:50

ಖಜಾಂಚಿ ಅಂಕಲ್ ಯಾರು ಎಂದು ನನಗೆ ಗೊತ್ತು. ನಾನು ಆ ಹದಿನಾಲ್ಕರಲ್ಲಿ ಒಬ್ಬಳು. ಅಮ್ಮ ಒಂದೇ ಮಾತು ಕೇಳುತ್ತಿದ್ದಾರೆ: "ಅಂಟಿಕೊಂಡರೆ ಏನು ಮಾಡುತ್ತೀ?" ಉತ್ತರ ಬೇಕಾಗಿದೆ.


ಬೆಟಗೇರಿ ಅಕ್ಕ
ಮಾರ್ಚ್ 7, ಸಂಜೆ 6:30

ಅಮ್ಮನಿಗೆ ಹೇಳು ಮಗಳೇ: ಸುಲಭಕ್ಕೆ ಅಂಟುವ ರೋಗವಲ್ಲ. ಚಿಕಿತ್ಸೆ ಪಡೆಯದವರ ಜೊತೆ ಬಹುಕಾಲ ಹತ್ತಿರದಲ್ಲಿ ಬದುಕಿದರೆ ಮಾತ್ರ ಸಾಧ್ಯತೆ, ಅದರಲ್ಲೂ ಹೆಚ್ಚಿನವರ ದೇಹಕ್ಕೆ ಇದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ. ಮಾತ್ರೆ ಶುರುವಾದವರಿಂದ ಬೇಗನೆ ಹರಡುವುದು ನಿಲ್ಲುತ್ತದೆ. ಆಸ್ಪತ್ರೆಯಲ್ಲಿ ಹುಣ್ಣಿಗೆ ಮಲಗಿರುವ ಹೆಚ್ಚಿನವರಲ್ಲಿ ಕ್ರಿಮಿ ಸತ್ತು ವರ್ಷಗಳಾಗಿವೆ, ಉಳಿದಿರುವುದು ಅದು ಮಾಡಿಟ್ಟ ಹಾನಿ. ಮೂವತ್ತೊಂದು ವರ್ಷ ತೊಳೆದ ಕೈ ನನ್ನದು, ಸೌಟು ಹಿಡಿಯುತ್ತಿದೆ.

ಇನ್ನೊಂದನ್ನೂ ಹೇಳು. 2005ರಲ್ಲಿ ನಮ್ಮ ದೇಶ ಈ ರೋಗ ನಿರ್ಮೂಲನೆಯ ಮಟ್ಟಕ್ಕೆ ಇಳಿಯಿತು ಎಂದು ಘೋಷಿಸಿತು. ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಎಂದು ಅದರರ್ಥ, ಇಲ್ಲವೇ ಇಲ್ಲ ಎಂದಲ್ಲ. ಲೋಕದಲ್ಲಿ ಹೊಸದಾಗಿ ಪತ್ತೆಯಾಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗಲೂ ನಮ್ಮವರೇ. ಚರ್ಮದ ಮೇಲೆ ಬಣ್ಣ ಮಾಸಿದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಕಂಡರೆ ನಿನ್ನ ಬೀದಿಯ ಆಶಾ ಕಾರ್ಯಕರ್ತೆಗೆ ತೋರಿಸು. ಅದಕ್ಕೆ ಛತ್ತೀಸ್‌ಗಢಕ್ಕೆ ಹೋಗಬೇಕಿಲ್ಲ.


ಅರಳಿಕಟ್ಟೆ
ಮಾರ್ಚ್ 8, ಬೆಳಿಗ್ಗೆ 10:05

ಖಜಾಂಚಿಯವರೇ, ನೀವು ಲೆಕ್ಕ ಕೇಳಲು ಬಂದವರಂತೆ ಶುರುಮಾಡಿದಿರಿ. ನಾಲ್ಕು ದಿನದಿಂದ ಎಲ್ಲರ ಮಾತು ಕೇಳಿ ಸುಮ್ಮನಿದ್ದೀರಿ. ನೀವು ಹೋಗಿದ್ದಿರಾ?


ಮೈಸೂರು ಖಜಾಂಚಿ
ಮಾರ್ಚ್ 8, ರಾತ್ರಿ 11:48

ಹೋಗಿದ್ದೆ. 1994, ನನಗೆ ಇಪ್ಪತ್ತು. ಯಾವ ಊರು ಎನ್ನುವುದು ಬೇಡ. ಕುಷ್ಠ ವಾಸಿಯಾದವರು ಸೇರಿ ಕಟ್ಟಿಕೊಂಡ ಒಂದು ಕಾಲೋನಿ, ರೈಲು ಹಳಿಯ ಪಕ್ಕ. ನಾವು ಚರಂಡಿ ಸ್ವಚ್ಛಮಾಡಲು ಹೋದದ್ದು. ಚೆನ್ನಾಗಿಯೇ ಮಾಡಿದೆವು. ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ, ನನಗೇನೂ ಅಸಹ್ಯ ಅನಿಸಲಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆ.

ಮೂರನೆಯ ದಿನ ಮಧ್ಯಾಹ್ನ ಒಬ್ಬ ಅಜ್ಜಿ ತಮ್ಮ ಮನೆಗೆ ಕರೆದರು. ಮಣೆ ಹಾಕಿ ಕೂರಿಸಿದರು. ಸ್ಟೀಲ್ ಲೋಟದಲ್ಲಿ ಚಹಾ. ಎರಡು ಕೈಗಳಲ್ಲಿಯೂ ಪೂರ್ತಿ ಬೆರಳು ಒಂದೂ ಇರಲಿಲ್ಲ, ಎರಡು ಅಂಗೈ ಸೇರಿಸಿ ಲೋಟ ಹಿಡಿದಿದ್ದರು. ಬಿಸಿ ಗೊತ್ತಾಗುವುದಿಲ್ಲ ಎಂದು ಲೋಟಕ್ಕೆ ಬಟ್ಟೆ ಸುತ್ತಿದ್ದರು, ನನ್ನ ಕೈ ಸುಡಬಾರದು ಎಂದೂ ಇರಬಹುದು. ನಾನು ತೆಗೆದುಕೊಂಡೆ. ಕುಡಿಯಲಿಲ್ಲ. ಆರಲಿ ಎಂದೆ. ಆರಿತು. ಹೊರಗಡೆ ಯಾರೋ ಕರೆದರು ಎಂದು ಎದ್ದುಹೋದೆ. ಯಾರೂ ಕರೆದಿರಲಿಲ್ಲ.

ಸಂಜೆ ಆ ದಾರಿಯಲ್ಲೇ ಬಂದಾಗ ಲೋಟವನ್ನು ಹೊಸ್ತಿಲ ಪಕ್ಕ ಬೋರಲು ಹಾಕಿದ್ದರು. ಅವರು ಏನೂ ಹೇಳಲಿಲ್ಲ. "ಊಟ ಆಯಿತೇ ಮಗನೇ" ಎಂದು ಕೇಳಿದರು.

ಮೂವತ್ತು ವರ್ಷಕ್ಕೂ ಮೇಲಾಯಿತು. ನನ್ನ ಸೇವೆ ಎನ್ನುವುದು ಏನಾದರೂ ಇದ್ದರೆ ಅದು ಆ ಲೋಟದಿಂದ ಬಂದದ್ದು. ಆಸ್ಪತ್ರೆಗೆ ನೋಡಲು ಯಾರೂ ಬಾರದವರ ಹತ್ತಿರ ಹೋಗಿ ಕುಳಿತುಕೊಳ್ಳುತ್ತೇನೆ, ಅವರು ಕೊಟ್ಟದ್ದನ್ನು ಕುಡಿಯುತ್ತೇನೆ. ಸಕ್ಕರೆ ಕಾಯಿಲೆ ಬಂದ ಮೇಲೂ ಕುಡಿಯುತ್ತೇನೆ, ಹೆಂಡತಿ ಬೈಯುತ್ತಾಳೆ. ಸಾಕ್ಷಿ ಹೇಳಲು ವೇದಿಕೆಗೆ ಕರೆದಾಗಲೆಲ್ಲ ಚರಂಡಿಯ ಕಥೆ ಹೇಳಿದ್ದೇನೆ.


ಕಾಫಿಪುಡಿ
ಮಾರ್ಚ್ 9, ಬೆಳಿಗ್ಗೆ 6:58

ಓದಿದೆ.


ಅರಳಿಕಟ್ಟೆ
ಮಾರ್ಚ್ 9, ಬೆಳಿಗ್ಗೆ 9:30

ಬಾಬಾ ಆಮ್ಟೆಯವರದೂ ಇದೇ. ಮಳೆಯಲ್ಲಿ ದಾರಿಬದಿ ಬಿದ್ದಿದ್ದ ತುಳಸೀರಾಮ ಎಂಬ ಕುಷ್ಠರೋಗಿಯನ್ನು ಕಂಡು ಮೊದಲು ಓಡಿಹೋದರು. ಯಾವುದಕ್ಕೂ ಹೆದರದವನು ಎಂದು ಹೆಸರಾದವರು! ಮತ್ತೆ ಮರಳಿ ಹೋಗಿ ಅವನ ಆರೈಕೆ ಮಾಡಿದರು, ಅವನು ಉಳಿಯಲಿಲ್ಲ. ಆ ಓಡಿದ್ದನ್ನು ಅವರು ಮುಚ್ಚಿಡಲಿಲ್ಲ. ಕಲ್ಕತ್ತೆಗೆ ಹೋಗಿ ಈ ರೋಗದ ಚಿಕಿತ್ಸೆ ಕಲಿತು, ವರೋರಾದ ಹತ್ತಿರ ಆನಂದವನ ಕಟ್ಟಿದ್ದು ಆಮೇಲೆ.

ಕಳುಹಿಸಿ ಸರ್, ಮಕ್ಕಳನ್ನು.


ಸುವಾರ್ತಿಕ
ಮಾರ್ಚ್ 9, ಮಧ್ಯಾಹ್ನ 2:10

ನಮ್ಮ ಮನೆಯಿಂದ ₹3,000 ಕೊಡುತ್ತೇನೆ. ನನ್ನ ಪ್ರಶ್ನೆಯನ್ನು ಬಿಟ್ಟುಕೊಟ್ಟಿಲ್ಲ, ಅದು ಬೇರೆ.


ವಾರ್ಡ್ ನಂಬರ್ 3
ಮಾರ್ಚ್ 9, ರಾತ್ರಿ 10:15

ಯಾರೇ ಬರಲಿ, ಯಾವ ಆಸ್ಪತ್ರೆಗೇ ಬರಲಿ, ಹೇಳಿಬಿಡುತ್ತೇನೆ. ಚಾಕೊಲೇಟ್ ತರಬೇಡಿ. ಹಳೆಯ ಹತ್ತಿ ಪಂಚೆ, ಒಗೆದು ಬಿಸಿಲಿಗೆ ಒಣಗಿಸಿದ್ದು ತನ್ನಿ, ಕಾಲು ಒರೆಸಲು, ಕೂರಲು, ನೂರು ಕೆಲಸಕ್ಕೆ ಬೇಕು. ನಿಮಗೆ ನೀವೇ ಅಡುಗೆ ಮಾಡಿಕೊಳ್ಳಿ, ಅಥವಾ ಅಡುಗೆಮನೆಯವರ ಜೊತೆ ನಿಂತು ಮಾಡಿ (ಕಾಫಿಪುಡಿಯವರ ನೆನಪಿಗೆ). ಹೊರಡುವ ಮುಂಚೆ ಹಿಂದಿಯಲ್ಲಿ ಹತ್ತು ವಾಕ್ಯ ಕಲಿಯಿರಿ. ಅದರಲ್ಲಿ ಒಂದು "ಇನ್ನೊಂದು ಲೋಟ ಚಹಾ ಸಿಗುತ್ತದೆಯೇ" ಎಂದಿರಲಿ.


ಮೈಸೂರು ಖಜಾಂಚಿ
ಮಾರ್ಚ್ 22, ರಾತ್ರಿ 9:05

ಸಮಿತಿ ಒಪ್ಪಿತು, ಎಂಟಕ್ಕೆ ಮೂರು. ಮ್ಯಾನೇಜರ್ ಒಪ್ಪಲಿಲ್ಲ. ಅಷ್ಟೇ ಮೊತ್ತವನ್ನು ಆಸ್ಪತ್ರೆಗೆ ಬೇರೆಯಾಗಿ ಕಳುಹಿಸಬೇಕು, ಬಾಕಿಯನ್ನು ಸುಗ್ಗಿ ಹಬ್ಬದ ಕಾಣಿಕೆಯಿಂದ ತುಂಬಿಸಬೇಕು ಎಂದು ಅವರೇ ನಿರ್ಣಯ ಬರೆಸಿದರು. ಸೋತಮೇಲೂ ಲೆಕ್ಕ ಬಿಡುವ ಮನುಷ್ಯ ಅವರಲ್ಲ.


ಹದಿನೆಂಟೂವರೆ
ಆಗಸ್ಟ್ 17, ಸಂಜೆ 4:40

ಹೋಗಿಬಂದು ಎರಡೂವರೆ ತಿಂಗಳಾಯಿತು. ಬರೆಯಬೇಕು ಎಂದುಕೊಳ್ಳುತ್ತಲೇ ಇದ್ದೆ.

ಮೊದಲ ದಿನ ವಾಸನೆಗೆ ನನಗೆ ವಾಂತಿಯಾಯಿತು, ಇದನ್ನು ಸಭೆಯಲ್ಲಿ ಹೇಳಿಲ್ಲ. ಎರಡನೆಯ ದಿನ ಹೊರಗೆ ಕುಳಿತು ಪಂಚೆ ಹರಿದು ಮಡಚಿದೆ. ಮೂರನೆಯ ದಿನ ಒಬ್ಬ ಅಕ್ಕ ನನ್ನನ್ನು ಕರೆದು ತಮ್ಮ ಕಾಲನ್ನು ತಾವೇ ಹೇಗೆ ನೋಡಿಕೊಳ್ಳುವುದು ಎಂದು ತೋರಿಸಿದರು. ಚಿಕ್ಕ ಕನ್ನಡಿ ಇಟ್ಟುಕೊಂಡು ಹಿಮ್ಮಡಿ ನೋಡುತ್ತಿದ್ದರು. ನಾನು ಕಲಿಸಲು ಹೋದದ್ದು ಏನೂ ಇರಲಿಲ್ಲ, ಅವರೇ ಕಲಿಸಿದರು. ಚಹಾ ಕುಡಿದೆ ಅಂಕಲ್, ಲೆಕ್ಕವಿಲ್ಲದಷ್ಟು. ಏಲಕ್ಕಿ ಇರುವುದಿಲ್ಲ, ಶುಂಠಿ ಜಾಸ್ತಿ.

ಅಲ್ಲಿನ ಫಿಸಿಯೋ ಅಣ್ಣ ಒಂದು ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ, ಕಣ್ಣು ಮುಚ್ಚಿ ಗೊತ್ತಾಗುತ್ತದೆಯೇ ಎಂದು ಕೇಳುತ್ತಿದ್ದರು. ಸಕ್ಕರೆ ಕಾಯಿಲೆಯವರ ಪಾದಕ್ಕೂ ಇದೇ ಪರೀಕ್ಷೆ, ಇದೇ ಹುಣ್ಣು, ಇದೇ ಆರೈಕೆ ಎಂದರು. ಬ್ರಾಂಡ್ ಅವರೇ 1966ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಕುಷ್ಠದಿಂದ ಕಲಿತದ್ದನ್ನು ಸಕ್ಕರೆ ಕಾಯಿಲೆಯವರ ಕಾಲಿಗೆ ಬಳಸಿದರಂತೆ. ರೈಲಿನಲ್ಲಿ ಬರುವಾಗ ನಾವು ಎಣಿಸಿದೆವು: ನಮ್ಮ ಸಭೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಎಷ್ಟು ಜನ? ಗೊಂದಿಯಾ ದಾಟುವ ಹೊತ್ತಿಗೆ ನಲವತ್ತೊಂದು ಹೆಸರು ಬಂದಿತ್ತು. ನಮ್ಮ ಅಜ್ಜಿಯನ್ನು ಎಣಿಸಿಯೇ ಇರಲಿಲ್ಲ.

ಜುಲೈಯಿಂದ ಎರಡನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಸಭಾಂಗಣದಲ್ಲಿ ಹನ್ನೆರಡು ಟಬ್ ಇಡುತ್ತೇವೆ. ಪಾದ ನೆನೆಹಾಕುವುದು, ಒರೆಸುವುದು, ಎಣ್ಣೆ, ಎಳೆ ಪರೀಕ್ಷೆ. ಸಭೆಯ ಡಾಕ್ಟರ್ ಆಂಟಿ ಜೊತೆಗಿರುತ್ತಾರೆ, ಗಾಯ ಕಂಡರೆ ಅವರಿಗೆ ಒಪ್ಪಿಸುತ್ತೇವೆ.


ಮೈಸೂರು ಖಜಾಂಚಿ
ಆಗಸ್ಟ್ 17, ರಾತ್ರಿ 9:20

ಅವಳು ಹೇಳದ ಲೆಕ್ಕ ನಾನು ಹೇಳುತ್ತೇನೆ. ಹದಿನಾಲ್ಕರಲ್ಲಿ ಈಗ ಬರುತ್ತಿರುವವರು ಐದು ಜನ. ಮೂವರು ಕಾಲೇಜಿಗೆಂದು ಊರು ಬಿಟ್ಟರು. ಉಳಿದ ಆರು ಮಂದಿ ಹೋಗಿಬಂದ ವಾರ ಉರಿದು ಆರಿದರು, ಅವರ ಮೇಲೆ ನನಗೆ ಬೇಸರವಿಲ್ಲ. ನನ್ನ ಲೋಟದ ಕೆಲಸ ಕಾಣಿಸಿಕೊಳ್ಳಲು ಏಳೆಂಟು ವರ್ಷ ಹಿಡಿಯಿತು.

ಪ್ರವಾಸಕ್ಕೆ ಹೋಗದ ನಾಲ್ವರು ಹೊಸದಾಗಿ ಸೇರಿದ್ದಾರೆ. ಹಬ್ಬದಂತೆ ಪಕ್ಕದ ಬೀದಿಯವರೂ ಬರುತ್ತಾರೆ, ಹೂವಿನ ಅಂಗಡಿಯವರು, ನಿವೃತ್ತ ಪೊಲೀಸ್ ಒಬ್ಬರು, ಮಸೀದಿಯ ಹಿಂದಿನ ಮನೆಯ ಅಜ್ಜಿ. ಸುವಾರ್ತಿಕರೇ, ಬಾಯಿಬಿಟ್ಟು ಏನೂ ಹೇಳುತ್ತಿಲ್ಲ. ನಿಮ್ಮ ಪ್ರಶ್ನೆ ಹಾಗೆಯೇ ಇದೆ.

ಮ್ಯಾನೇಜರ್ ಅವರು ಮೊದಲ ತಿಂಗಳಿಂದಲೇ ಸಾಲಿನಲ್ಲಿ ಮೊದಲಿಗರು. ಸ್ವಂತ ಟವೆಲ್ ತರುತ್ತಾರೆ. ಕಾಲು ನೀರಿನಲ್ಲಿಟ್ಟುಕೊಂಡು, ಈ ಹನ್ನೆರಡು ಟಬ್ಬಿಗೆ ₹96,000 ಜಾಸ್ತಿಯಾಯಿತು ಎಂದು ಈಗಲೂ ಹೇಳುತ್ತಾರೆ. ಎಡ ಹಿಮ್ಮಡಿಯಲ್ಲಿ ಎಳೆ ಒತ್ತಿದ್ದು ಅವರಿಗೆ ಗೊತ್ತಾಗಲಿಲ್ಲ. ಆ ಹುಡುಗಿ ಎರಡು ಸಲ ಒತ್ತಿ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು.


ಬೆಟಗೇರಿ ಅಕ್ಕ
ಆಗಸ್ಟ್ 18, ಬೆಳಿಗ್ಗೆ 6:15

ಅವರಿಗೆ ಬರಿಗಾಲಿನಲ್ಲಿ ಓಡಾಡಬೇಡಿ ಎಂದು ಹೇಳಿ, ಮನೆಯೊಳಗೂ. ಸಕ್ಕರೆ ಕಾಯಿಲೆಯವರ ಟಬ್ಬಿಗೆ ಬಿಸಿನೀರು ಹಾಕಬೇಡಿ, ಹದ ಅವರಿಗೆ ಗೊತ್ತಾಗುವುದಿಲ್ಲ, ನಿಮ್ಮ ಮೊಣಕೈ ಅದ್ದಿ ನೋಡಿ. ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಹಾಕಬೇಡಿ, ಗಾಯವಿದ್ದವರ ಕಾಲನ್ನು ನೀರಿಗೆ ಇಳಿಸಲೇಬೇಡಿ. ಕಲ್ಲಿನಿಂದ ಉಜ್ಜುವುದೂ ಬೇಡ, ಇಲ್ಲಿ ಅದು ಡಾಕ್ಟರ್ ನೋಡಿ ಮಾಡುವ ಕೆಲಸ. ಬೆರಳ ಸಂದಿಗೆ ಎಣ್ಣೆ ಬೇಡ, ಒಣಗಿಸಿ ಬಿಡಿ.


ಕಾಫಿಪುಡಿ
ಆಗಸ್ಟ್ 18, ಬೆಳಿಗ್ಗೆ 7:30

ನಾನು ಈಗ ಮೈಸೂರಿನಲ್ಲೇ ಇದ್ದೇನೆ, ಸರಸ್ವತೀಪುರಂ. ಕ್ರೈಸ್ತಳು ಹೌದು, ಚರ್ಚಿಗೆ ಹೋಗಿ ಬಹಳ ವರ್ಷವಾಯಿತು. ಸೆಪ್ಟೆಂಬರ್‌ನ ಎರಡನೆಯ ಭಾನುವಾರ ಎಷ್ಟು ಹೊತ್ತಿಗೆ?


ಹದಿನೆಂಟೂವರೆ
ಆಗಸ್ಟ್ 18, ಬೆಳಿಗ್ಗೆ 7:41

ಹತ್ತೂವರೆಗೆ ಆಂಟಿ. ಎರಡು ಟಬ್ ಸೋರುತ್ತಿವೆ, ಮನೆಯಲ್ಲಿದ್ದರೆ ಒಂದು ತನ್ನಿ.